ನೀರು ನುಡಿದ ಸಾಕ್ಷಿ

ನಾನು ಬೆಳೆದದ್ದು ಚಾಂಪಿಯನ್ ರೀಫ್ಸಿನ ಲೈನ್ ಮನೆಯಲ್ಲಿ. ನಮ್ಮ ನಲ್ಲಿಗೆ ಬರುತ್ತಿದ್ದುದು ಬೇತಮಂಗಲದ ಕೆರೆಯ ನೀರು. ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಬೋರ್‌ವೆಲ್ ನೀರು. ರಜೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತು ಹಲ್ಲುಜ್ಜುವಾಗ ಯಾರು ಯಾವ ಊರಿನವರೆಂದು ಕೇಳಬೇಕಾಗಿರಲಿಲ್ಲ. ದೊಡ್ಡಮ್ಮನ ಮಗಳು, ನನ್ನ ಅಕ್ಕ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಇದ್ದಿಲು, ಉಪ್ಪು, ಬೇವಿನ ಕಡ್ಡಿ ಯಾವುದಕ್ಕೂ ಆ ಕಂದು ಗೀಟುಗಳು ಹೋಗಲಿಲ್ಲ. ಹೆಣ್ಣು ನೋಡಲು ಬಂದವರೊಬ್ಬರು "ಹುಡುಗಿ ಹಲ್ಲು ಉಜ್ಜೋದಿಲ್ವಾ?" ಎಂದು ಕೇಳಿಯೇ ಬಿಟ್ಟರು. ನೀರಿನಲ್ಲಿರುವ ಫ್ಲೋರೈಡ್ ಹಾಲುಹಲ್ಲು ಬೀಳುವ ಮೊದಲೇ ಒಳಗೆ ಮೂಡುತ್ತಿರುವ ಹಲ್ಲನ್ನು ಹಿಡಿದುಬಿಡುತ್ತದೆ, ಮೂಳೆಯಲ್ಲೂ ಸೇರಿಕೊಳ್ಳುತ್ತದೆ ಎಂದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಅದೇ ಫ್ಲೋರೈಡು ಇಂಗ್ಲೆಂಡಿನ ದೊಡ್ಡ ಪಂಡಿತರ ತಪ್ಪನ್ನು ಬಯಲಿಗೆಳೆದ ಕಥೆ ಓದಿದಾಗ ನನಗೆ ಅಕ್ಕನ ಹಲ್ಲುಗಳೇ ಕಣ್ಣಮುಂದೆ ಬಂದವು.

ಸಸೆಕ್ಸ್ ಸೀಮೆಯ ಪಿಲ್ಟ್‌ಡೌನ್ ಎಂಬಲ್ಲಿ ಒಂದು ಜಲ್ಲಿ ಗುಂಡಿ. ಚಾರ್ಲ್ಸ್ ಡಾಸನ್ ಎಂಬ ವಕೀಲ ಅಲ್ಲಿ ತಲೆಬುರುಡೆಯ ಚೂರುಗಳು ಸಿಕ್ಕವೆಂದು ಲಂಡನ್ನಿನ ವಸ್ತುಸಂಗ್ರಹಾಲಯದ ಆರ್ಥರ್ ಸ್ಮಿತ್ ವುಡ್‌ವರ್ಡ್ ಅವರಿಗೆ ತಂದು ತೋರಿಸಿದ. ಆಮೇಲೆ ಅರ್ಧ ದವಡೆಯೂ ಸಿಕ್ಕಿತು. ಬುರುಡೆ ಮನುಷ್ಯನದು, ದವಡೆ ಕಪಿಯಂಥದ್ದು. 1912ರ ಡಿಸೆಂಬರ್ 18ರಂದು ಇಬ್ಬರೂ ಇದನ್ನು ವಿದ್ವಾಂಸರ ಸಭೆಯ ಮುಂದಿಟ್ಟರು. ಆದಿಮಾನವ ಸಿಕ್ಕ, ಅದೂ ಇಂಗ್ಲೆಂಡಿನಲ್ಲೇ! ಮೊದಲು ಬೆಳೆದದ್ದು ಮೆದುಳು, ಉಳಿದದ್ದೆಲ್ಲ ಆಮೇಲೆ ಎಂದು ನಂಬಿದ್ದವರಿಗೆ ಹಬ್ಬವೇ ಆಯಿತು. ಅದಿರಿಗೆ ಚಿನ್ನದ ಪುಡಿ ಬೆರೆಸಿ, ಗಣಿ ಸಿಕ್ಕಿತೆಂದು ಷೇರು ಮಾರುವ ಮೋಸವನ್ನು ಗಣಿ ಊರಿನವರು ಬಲ್ಲರು. ಪಿಲ್ಟ್‌ಡೌನ್‌ನಲ್ಲಿ ನಡೆದದ್ದೂ ಅದೇ, ಚಿನ್ನದ ಬದಲು ಮೂಳೆ.

ಈ ಮೋಸದಿಂದ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ನಷ್ಟವಾದದ್ದು ಆಫ್ರಿಕಾದ ಒಂದು ಪುಟ್ಟ ಮಗುವಿಗೆ.

1924ರಲ್ಲಿ ಜೋಹಾನ್ಸ್‌ಬರ್ಗಿನ ಜೋಸೆಫೀನ್ ಸಾಮನ್ಸ್ ಎಂಬ ವಿದ್ಯಾರ್ಥಿನಿ ಸುಣ್ಣದ ಗಣಿಯಿಂದ ಬಂದ ಕೋತಿಯ ಬುರುಡೆಯೊಂದನ್ನು ತನ್ನ ಪ್ರಾಧ್ಯಾಪಕ ರೇಮಂಡ್ ಡಾರ್ಟ್ ಅವರಿಗೆ ತಂದು ತೋರಿಸಿದಳು. ಅಂಥವು ಇನ್ನೂ ಬೇಕೆಂದು ಡಾರ್ಟ್ ಹೇಳಿ ಕಳಿಸಿದರು. ಟಾಂಗ್ ಎಂಬ ಊರಿನಿಂದ ಕಲ್ಲಿನ ಪೆಟ್ಟಿಗೆಗಳು ಬಂದವು. ಡಾರ್ಟ್ ಹೇಳಿಕೊಂಡಂತೆ, ಅವು ಬಂದದ್ದು ಅವರ ಮನೆಯಲ್ಲೇ ಗೆಳೆಯನ ಮದುವೆ ನಡೆಯುವ ಹೊತ್ತಿಗೆ! ಹೊಸ ಕೋಟು ಹಾಕಿಕೊಂಡು ಗಂಡ ಕಲ್ಲು ಕೆದಕುತ್ತ ಕೂತರೆ ಹೆಂಡತಿ ಡೋರಾಗೆ ಹೇಗಾಗಿರಬೇಡ. ಸಾಲದ್ದಕ್ಕೆ ಅವಳ ಸ್ವೆಟರ್ ಹೆಣೆಯುವ ಕಡ್ಡಿಗಳನ್ನೇ ಚೂಪು ಮಾಡಿಕೊಂಡು ವಾರಗಟ್ಟಲೆ ಕಲ್ಲು ಬಿಡಿಸಿದರು. ಕ್ರಿಸ್ಮಸ್ ಹತ್ತಿರ ಬಂದಾಗ ಕಲ್ಲಿನೊಳಗಿಂದ ಒಂದು ಮಗುವಿನ ಮುಖ ಹೊರಬಂತು. ಸಣ್ಣ ಮೆದುಳು, ಆದರೆ ಮನುಷ್ಯರಂಥ ಹಲ್ಲು, ನೆಟ್ಟಗೆ ನಡೆಯುತ್ತಿದ್ದ ಗುರುತು. ಪಿಲ್ಟ್‌ಡೌನಿಗೆ ಸರಿಯಾಗಿ ತಿರುಗುಮುರುಗು.

ಲಂಡನ್ನಿನವರು ಒಪ್ಪಲಿಲ್ಲ. ಇದು ಬರೀ ಕಪಿಮರಿ ಎಂದರು. ಹಾಗೆಂದವರಲ್ಲಿ ಪ್ರಮುಖರು ಸರ್ ಆರ್ಥರ್ ಕೀತ್. 1938ರಲ್ಲಿ ಪಿಲ್ಟ್‌ಡೌನಿನಲ್ಲಿ ಡಾಸನ್ನನ ನೆನಪಿನ ಕಲ್ಲನ್ನು ಅನಾವರಣ ಮಾಡಿದವರೂ ಅವರೇ. ಡಾರ್ಟ್ ಹೇಳಿದ್ದೇ ಸರಿ, ನಾನೇ ತಪ್ಪು ಎಂದು ಅವರು ಅಚ್ಚಿನಲ್ಲಿ ಒಪ್ಪಿಕೊಳ್ಳುವ ಹೊತ್ತಿಗೆ 1947 ಆಗಿತ್ತು. ಒಪ್ಪಿಕೊಂಡರಲ್ಲ, ಅದು ಅವರ ದೊಡ್ಡತನ ಅನ್ನಿ.

ಇನ್ನು ನೀರಿನ ಮಾತು. ಹೂತ ಮೂಳೆ ಅಂತರ್ಜಲದ ಫ್ಲೋರೈಡನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಒಂದೇ ಗುಂಡಿಯಲ್ಲಿ ಒಂದೇ ಕಾಲದಿಂದ ಬಿದ್ದಿರುವ ಮೂಳೆಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಕೆನೆತ್ ಓಕ್ಲಿ 1949ರಲ್ಲಿ ಪರೀಕ್ಷೆ ಮಾಡಿದಾಗ ಪಿಲ್ಟ್‌ಡೌನಿನ ಮೂಳೆಗಳು ಹೇಳಿದಷ್ಟು ಹಳೆಯವಲ್ಲ ಎಂದು ತಿಳಿಯಿತು. 1953ರಲ್ಲಿ ಓಕ್ಲಿ, ಜೋಸೆಫ್ ವೀನರ್, ಲೆ ಗ್ರೋ ಕ್ಲಾರ್ಕ್ ಮೂವರೂ ಸೇರಿ ಇನ್ನೂ ಸೂಕ್ಷ್ಮವಾಗಿ ನೋಡಿದರು. ದವಡೆ ಆ ನೀರನ್ನು ಕುಡಿದೇ ಇರಲಿಲ್ಲ! ಅದು ಒರಾಂಗುಟಾನ್ ಕಪಿಯದು. ಹಲ್ಲುಗಳನ್ನು ಅರದಿಂದ ಉಜ್ಜಿ ಮನುಷ್ಯರ ಹಲ್ಲಿನಂತೆ ಮಾಡಿದ್ದರು. ಬುರುಡೆಗೆ ಕೂಡುವ ಕೀಲನ್ನು, ಗುಟ್ಟು ರಟ್ಟಾಗದಂತೆ, ಮುರಿದಿದ್ದರು. ಹಳೆಯದೆಂದು ಕಾಣಲು ಕಂದು ಬಣ್ಣ ಹಚ್ಚಿದ್ದರು. ಅಕ್ಕ ಉಜ್ಜಿ ಉಜ್ಜಿ ತೆಗೆಯಲು ನೋಡಿದ ಬಣ್ಣ, ಅಲ್ಲಿ ಬೇಕೆಂದೇ ಬಳಿದದ್ದು.

ಡಾಸನ್ 1916ರಲ್ಲೇ ತೀರಿಕೊಂಡಿದ್ದ. ಎಲ್ಲ ಒಂದೇ ಕೈಯ ಕೆಲಸದಂತಿದೆ, ಅದು ಬಹುಶಃ ಅವನದೇ ಎಂದು 2016ರ ಪರಿಶೀಲನೆ ಹೇಳಿತು. ಸ್ಮಿತ್ ವುಡ್‌ವರ್ಡ್ ಮಾತ್ರ ಪಾಪ, ಮುಪ್ಪಿನಲ್ಲಿ ಕಣ್ಣು ಹೋದ ಮೇಲೂ ಆ 'ಮೊದಲ ಇಂಗ್ಲಿಷ್ ಮನುಷ್ಯ'ನ ಬಗ್ಗೆ ಬಾಯಲ್ಲಿ ಹೇಳಿ ಪುಸ್ತಕ ಬರೆಸಿದರು. ಸತ್ಯ ತಿಳಿಯುವ ಮೊದಲೇ, 1944ರಲ್ಲಿ, ಹೋದರು.

ಮೊನ್ನೆ ಅಕ್ಕನ ಊರಿಗೆ ಹೋಗಿದ್ದೆ. ಈಗ ಅಲ್ಲಿ ಶುದ್ಧ ನೀರಿನ ಘಟಕವಿದೆ. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಈ ಕಥೆ ಹೇಳಿದೆ. ಎಲ್ಲ ಕೇಳಿ, ಕ್ಯಾನು ಕೆಳಗಿಟ್ಟು, ಅಕ್ಕ ಅಂದಳು:

"ಅದಿರಲಿ ಕಣೇ, ಆ ಯಮ್ಮನ ಸ್ವೆಟರ್ ಕಡ್ಡಿ ವಾಪಸ್ ಕೊಟ್ಟನಾ?"