ಬನಿ ಇಸ್ರಾಯೀಲ್ ಎಂಬ ಹೆಸರು: ಮೂರು ಧರ್ಮಗಳ ಗ್ರಂಥಕಲ್ಪನೆ

ಮುಂಬಯಿಯ ಮಾಂಡವಿಯಲ್ಲಿ 1796ರಲ್ಲಿ ಸ್ಥಾಪಿತವಾದ ಶಾರ್ ಹರಹಮೀಮ್ ಸಿನಗಾಗ್ ಬೆನೆ ಇಸ್ರೇಲ್ ಯೆಹೂದಿಗಳ ಮೊದಲ ಪ್ರಾರ್ಥನಾಮಂದಿರ. ಅದನ್ನು ಕಟ್ಟಿಸಿದ ಸಾಮುವೇಲ್ ದಿವೇಕರರು ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದವರು. ಎರಡನೆಯ ಮೈಸೂರು ಯುದ್ಧದಲ್ಲಿ (1780-84) ಅವರು ಟಿಪ್ಪುವಿನ ಸೆರೆಯಾಳಾದರೆಂದೂ, ಯಾವ ಕುಲದವರೆಂದು ಕೇಳಿದಾಗ ‘ಬನಿ ಇಸ್ರಾಯೀಲ್’ ಎಂದರೆಂದೂ, ಕುರ್‌ಆನಿನಿಂದ ಆ ಹೆಸರನ್ನು ಬಲ್ಲ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸಿದರೆಂದೂ, ಆ ಕೃತಜ್ಞತೆಯಿಂದಲೇ ಸಿನಗಾಗ್ ಎದ್ದಿತೆಂದೂ ಸಮುದಾಯದ ಐತಿಹ್ಯ. ಇದನ್ನು ಚರಿತ್ರೆಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ.

ಮೂರು ಧರ್ಮಗಳ ಮೂಲ ಒಂದೇ ಎಂಬುದಕ್ಕೆ ಇಂತಹ ಕಥೆಗಳನ್ನು ನಿದರ್ಶನವಾಗಿ ಕೊಡುವುದುಂಟು. ಆದರೆ ಐತಿಹ್ಯ ಹೇಳುವುದು ಅಷ್ಟನ್ನೇ ಅಲ್ಲ. ಅಲ್ಲಿ ಯೆಹೂದಿಯನ್ನು ಗುರುತಿಸಿದ್ದು ಯೆಹೂದಿಗಳ ತೋರಾ ಅಲ್ಲ, ಕುರ್‌ಆನ್. ಅದರ 114 ಸೂರಾಗಳಲ್ಲಿ ಹದಿನೇಳನೆಯದಕ್ಕೆ ‘ಬನಿ ಇಸ್ರಾಯೀಲ್’ ಎಂಬ ಹೆಸರೂ ಇದೆ. ಮೂಸಾರಿಗೆ ತೌರಾತ್, ಈಸಾರಿಗೆ ಇಂಜೀಲ್ ದೊರೆತವೆಂದು ಇಸ್ಲಾಂ ಒಪ್ಪುತ್ತದೆ. ತಾನು ಅವುಗಳನ್ನು ದೃಢೀಕರಿಸುವ, ಕಾಯುವ ಗ್ರಂಥವೆಂದು ಕುರ್‌ಆನ್ ಹೇಳಿಕೊಳ್ಳುತ್ತದೆ. ಆದರೆ ಈಗ ಯೆಹೂದಿ-ಕ್ರೈಸ್ತರ ಕೈಯಲ್ಲಿರುವ ಪಾಠವೋ ಅದರ ವ್ಯಾಖ್ಯಾನವೋ ವಿಕೃತಗೊಂಡಿದೆಯೆಂಬುದು ಮುಸ್ಲಿಂ ಪಂಡಿತರಲ್ಲಿ ಬಲವಾದ ಅಭಿಪ್ರಾಯ. ಆದ್ದರಿಂದ ಆ ಗ್ರಂಥಗಳಿಗೆ ಗೌರವವಿದೆಯೇ ಹೊರತು ಮಸೀದಿಯ ನಮಾಜಿನಲ್ಲಿ ಸ್ಥಾನವಿಲ್ಲ.

ಕ್ರೈಸ್ತರ ನಡೆ ಬೇರೆ. ಅವರು ಹೀಬ್ರೂ ಗ್ರಂಥವನ್ನು ಇಡಿಯಾಗಿ ತಮ್ಮದನ್ನಾಗಿ ಮಾಡಿಕೊಂಡರು, ಆದರೆ ಅದರ ಕ್ರಮ ಬದಲಾಯಿತು. ಯೆಹೂದಿಗಳು 24 ಪುಸ್ತಕಗಳೆಂದು ಎಣಿಸುವ ತನಖ್ ಪೂರ್ವಕಾಲವೃತ್ತಾಂತದಿಂದ, ಜನರು ಯೆರೂಸಲೇಮಿಗೆ ಹಿಂದಿರುಗಲು ಅರಸ ಕೋರೆಷನು ಕೊಟ್ಟ ಅಪ್ಪಣೆಯಿಂದ, ಮುಗಿಯುತ್ತದೆ. ಅದೇ ಸಾಮಗ್ರಿ ಪ್ರಾಟೆಸ್ಟಂಟ್ ಬೈಬಲ್ಲಿನಲ್ಲಿ 39 ಪುಸ್ತಕಗಳಾಗಿ, ಎಲೀಯನು ಬರುವನೆಂಬ ಮಲಾಕಿಯನ ವಾಗ್ದಾನದಿಂದ ಕೊನೆಗೊಳ್ಳುತ್ತದೆ. ಪುಟ ತಿರುಗಿಸಿದರೆ ಮತ್ತಾಯನ ಸುವಾರ್ತೆ. ಒಂದು ಮರಳಿ ಹೋಗುವ ಗ್ರಂಥ, ಇನ್ನೊಂದು ಎದುರು ನೋಡುವ ಗ್ರಂಥ. ಕನ್ನಡದ ನಮ್ಮ ಬರಹಗಳಲ್ಲಿ ಯೆಹೂದಿಗಳ ಧರ್ಮಗ್ರಂಥವನ್ನು ‘ಹಳೆಯ ಒಡಂಬಡಿಕೆ’ ಎಂದೇ ಕರೆಯುವ ರೂಢಿ ಬಿದ್ದಿದೆ. ಹೊಸತೊಂದನ್ನು ನಂಬುವವರಿಗಷ್ಟೇ ಅದು ಹಳೆಯದು. ಆ ಪದವನ್ನು ಬಳಸಿದೊಡನೆ, ಅರಿವಿಲ್ಲದೆ, ನಾವು ಒಂದು ಪಕ್ಷ ವಹಿಸಿರುತ್ತೇವೆ.

ಬೈಬಲ್ಲಿಗೆ ಕುರ್‌ಆನನ್ನು ಸರಿಸಮವಾಗಿಟ್ಟು ಹೋಲಿಸುವುದೂ ಅಷ್ಟೇ ಅಪಾಯಕರ. ಯೋಹಾನನ ಸುವಾರ್ತೆಯಂತೆ ದೇವರ ವಾಕ್ಯವೆಂದರೆ ನರನಾಗಿ ಬಂದ ಕ್ರಿಸ್ತ. ಇಸ್ಲಾಮಿನಲ್ಲಿ ಅದು ಕುರ್‌ಆನೇ. ವಿದ್ವಾಂಸ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಈ ಅಂಶವನ್ನು ಎತ್ತಿ ತೋರಿದ್ದಾರೆ. ಇತಿಹಾಸವೂ ಇದನ್ನೇ ಸೂಚಿಸುತ್ತದೆ. ಕ್ರಿ.ಶ. 325ರಲ್ಲಿ ನೈಸಿಯಾ ಸಭೆಯ ಮುಂದಿದ್ದ ವಿವಾದ ದೇವಪುತ್ರನು ಸೃಷ್ಟನೋ ಅಸೃಷ್ಟನೋ ಎಂಬುದು. 833ರಲ್ಲಿ ಖಲೀಫ ಅಲ್-ಮಾಮೂನ್, ಕುರ್‌ಆನ್ ಸೃಷ್ಟವೆಂದು ಒಪ್ಪುವಂತೆ ಪಂಡಿತರನ್ನು ವಿಚಾರಣೆಗೊಳಪಡಿಸಿದ. ಅಹ್ಮದ್ ಇಬ್ನ್ ಹನ್ಬಲ್ ಒಪ್ಪದೆ ಸೆರೆಗೆ ಹೋದರು. ಎರಡೂ ಕಡೆ ಅಸೃಷ್ಟವೆಂಬ ವಾದವೇ ಕೊನೆಗೆ ಪ್ರಧಾನಧಾರೆಯಲ್ಲಿ ನಿಂತಿತು. ಪ್ರಶ್ನೆ ಒಂದೇ, ಅದು ನೆಲೆಗೊಂಡ ಜಾಗ ಬೇರೆ. ಏಕದೇವನಿಷ್ಠೆ ಮೂವರಿಗೂ ಸಮಾನವೆಂದು ಹೇಳಿ ಮುಗಿಸುವವರು ಗಮನಿಸಬೇಕಾದ ವಿಷಯ ಇದು. ಕ್ರೈಸ್ತರ ತ್ರಿತ್ವವನ್ನು ಉಳಿದಿಬ್ಬರೂ ಆ ಏಕತ್ವಕ್ಕೆ ಭಂಗವೆಂದೇ ತಿಳಿಯುತ್ತಾರೆ.

ಇನ್ನು ಯೆಹೂದಿಗಳಲ್ಲಿ ಬರಹದ ತೋರಾದ ಜೊತೆಗೆ ಬಾಯಿಮಾತಿನ ತೋರಾವೂ ಉಂಟು. ಸುಮಾರು ಕ್ರಿ.ಶ. 200ರಲ್ಲಿ ಮಿಶ್ನಾ ಆಗಿ ಸಂಕಲಿತವಾದುದು ಅದೇ. ತಾಲ್ಮುದ್ ಅದರ ಮೇಲೆ ಬೆಳೆದ ಚರ್ಚೆ. ಕೊಂಕಣದ ಬೆನೆ ಇಸ್ರೇಲರಲ್ಲಿ ಇವೆಲ್ಲ ಮರೆತುಹೋಗಿದ್ದವು. ಆದರೂ ಆ ಗಾಣಿಗರು ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ನೆರೆಯವರು ಅವರನ್ನು ‘ಶನಿವಾರ್ ತೇಲಿ’ ಎಂದರು. ದೇವರು ಒಬ್ಬನೆಂದು ಸಾರುವ ‘ಶೆಮಾ’ ಪ್ರಾರ್ಥನೆಯೂ ಸುನ್ನತಿಯೂ ಉಳಿದಿದ್ದವು. (ಈ ‘ಸುನ್ನತಿ’ ಅರಬ್ಬಿಯಿಂದ ಬಂದ ಪದ, ಕನ್ನಡ ಬೈಬಲ್ ಅದನ್ನೇ ಬಳಸುತ್ತದೆ.) ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಮಿಷನರಿಗಳು ಮುಂಬಯಿಯ ಶಾಲೆಗಳಲ್ಲಿ ಇವರಿಗೆ ಹೀಬ್ರೂ ಕಲಿಸಿದರು, ಮರಾಠಿ ಬೈಬಲ್ ಕೊಟ್ಟರು. ಓದಿದವರಲ್ಲಿ ಕ್ರೈಸ್ತರಾದವರು ತೀರ ವಿರಳ. ಮಿಕ್ಕವರು ಅದೇ ಪುಟಗಳಿಂದ ತಮ್ಮ ಯೆಹೂದಿತನವನ್ನು ಗಟ್ಟಿಮಾಡಿಕೊಂಡರು.

ದಿವೇಕರರ ಸಿನಗಾಗ್ 1860ರಲ್ಲಿ ಈಗಿನ ಸ್ಥಳಕ್ಕೆ ಬಂತು. ಸುತ್ತಲಿನ ಜನ ಅದನ್ನು ‘ಜೂನಿ ಮಸೀದ್’, ಅಂದರೆ ಹಳೆಯ ಮಸೀದಿ, ಎಂದು ಕರೆದರು. ಹತ್ತಿರದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಅದರಿಂದಲೇ ಎಂದು ಹೇಳುತ್ತಾರೆ.