ಆಕ್ಸ್‌ಫರ್ಡ್–ಕೇಂಬ್ರಿಜ್ ಪ್ರವೇಶ ಮತ್ತು ಖಾಸಗಿ ಶಾಲೆಗಳು

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಸೀಟುಗಳಲ್ಲಿ ಖಾಸಗಿ ಶಾಲೆಗಳ ಮಕ್ಕಳಿಗೆ ಎಷ್ಟು ಪಾಲು ಸಲ್ಲಬೇಕು ಎಂಬುದು ಬ್ರಿಟನ್ನಿನ ಶಿಕ್ಷಣರಂಗದ ಹಳೆಯ ವಿವಾದ. ಅಲ್ಲಿನ ಮಕ್ಕಳಲ್ಲಿ ಖಾಸಗಿ ಶಾಲೆಗಳಲ್ಲಿ ಓದುವವರು ಸುಮಾರು ಶೇ. 7. ಆದರೆ ಈ ಎರಡು ವಿಶ್ವವಿದ್ಯಾಲಯಗಳಿಗೆ ಸೇರುವ ಬ್ರಿಟಿಷ್ ವಿದ್ಯಾರ್ಥಿಗಳಲ್ಲಿ ಅವರು ಇತ್ತೀಚಿನ ವರ್ಷಗಳಲ್ಲೂ ಕಾಲು ಭಾಗಕ್ಕಿಂತ ಹೆಚ್ಚಾಗಿದ್ದಾರೆ.

ಹಿನ್ನೆಲೆ

ಕೆಲವು ಶಾಲೆಗಳಿಗೂ ಕಾಲೇಜುಗಳಿಗೂ ಹುಟ್ಟಿನಿಂದಲೇ ನಂಟು. ಆಕ್ಸ್‌ಫರ್ಡಿನ ನ್ಯೂ ಕಾಲೇಜನ್ನು 1379ರಲ್ಲಿ ಕಟ್ಟಿಸಿದ ವಿಲಿಯಂ ಆಫ್ ವೈಕಮ್, 1382ರಲ್ಲಿ ಅದಕ್ಕೆ ವಿದ್ಯಾರ್ಥಿಗಳನ್ನು ಒದಗಿಸಲೆಂದೇ ವಿಂಚೆಸ್ಟರ್ ಶಾಲೆ ಸ್ಥಾಪಿಸಿದ. ದೊರೆ ಆರನೆಯ ಹೆನ್ರಿ 1440ರಲ್ಲಿ ಈಟನ್ ಶಾಲೆಯನ್ನೂ ಮರುವರ್ಷ ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜನ್ನೂ ತೆರೆದ. 19ನೆಯ ಶತಮಾನದ ಉತ್ತರಾರ್ಧದವರೆಗೆ ಈಟನ್‌ನಲ್ಲಿ ಓದದವರಿಗೆ ಕಿಂಗ್ಸ್‌ನ ಬಾಗಿಲು ಮುಚ್ಚಿತ್ತು.

ಆ ಬಾಗಿಲು ತೆರೆದ ಮೇಲೂ ವಿವಾದ ಮುಗಿಯಲಿಲ್ಲ. 2000ದಲ್ಲಿ ಸರ್ಕಾರಿ ಶಾಲೆಯ ಪ್ರತಿಭಾವಂತ ವಿದ್ಯಾರ್ಥಿನಿಯೊಬ್ಬಳಿಗೆ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜು ವೈದ್ಯಕೀಯ ಸೀಟು ನಿರಾಕರಿಸಿದ್ದನ್ನು ಹಣಕಾಸು ಸಚಿವ ಗಾರ್ಡನ್ ಬ್ರೌನ್ ಬಹಿರಂಗವಾಗಿ ಖಂಡಿಸಿದರು. 2003ರಲ್ಲಿ ದೂರು ಎದುರು ದಿಕ್ಕಿನಿಂದ ಬಂತು: ತಮ್ಮ ಮಕ್ಕಳಿಗೆ ಅನ್ಯಾಯವಾಗುತ್ತಿದೆಯೆಂದು ಖಾಸಗಿ ಶಾಲಾ ಮುಖ್ಯಸ್ಥರ ಸಂಘಗಳು ಬ್ರಿಸ್ಟಲ್ ವಿಶ್ವವಿದ್ಯಾಲಯದ ಬಹಿಷ್ಕಾರಕ್ಕೆ ಕರೆಕೊಟ್ಟವು. 2004ರ ಉನ್ನತ ಶಿಕ್ಷಣ ಕಾಯ್ದೆಯಡಿ ಪ್ರವೇಶದ ನ್ಯಾಯ ನೋಡಿಕೊಳ್ಳುವ ಕಚೇರಿ ಬಂತು; 2018ರಲ್ಲಿ ಆ ಹೊಣೆ ಆಫೀಸ್ ಫಾರ್ ಸ್ಟೂಡೆಂಟ್ಸ್ ಸಂಸ್ಥೆಗೆ ಹೋಯಿತು.

ಆಯ್ಕೆಯ ಕ್ರಮ

ಅಕ್ಟೋಬರ್ ಮಧ್ಯದೊಳಗೆ ಅರ್ಜಿ ಹಾಕಬೇಕು. ಹಿಂದಿನ ಅಂಕ, ಶಿಕ್ಷಕರು ಅಂದಾಜಿಸಿದ ಎ-ಲೆವೆಲ್ (ಶಾಲೆಯ ಕೊನೆಯ ಹಂತದ ಪರೀಕ್ಷೆ) ಫಲಿತಾಂಶ, ಹಲವು ವಿಷಯಗಳಿಗೆ ಲಿಖಿತ ಪರೀಕ್ಷೆ, ಕೊನೆಗೆ ಸಂದರ್ಶನ. ಅಧ್ಯಾಪಕರು ಅಪರಿಚಿತ ಸಮಸ್ಯೆಯೊಂದನ್ನು ಮುಂದಿಟ್ಟು, ಅಭ್ಯರ್ಥಿ ಎಡವಿದಲ್ಲಿ ಸುಳಿವು ಕೊಟ್ಟು, ಆ ಸುಳಿವನ್ನು ಹಿಡಿದು ಎಷ್ಟು ದೂರ ಯೋಚಿಸುತ್ತಾನೆಂದು ನೋಡುತ್ತಾರೆ. ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಸಾಗುವ ಈ ಅಭ್ಯಾಸವನ್ನು ಕಡಿಮೆ ಮಕ್ಕಳ ತರಗತಿಗಳಿರುವ, ಅಣಕು ಸಂದರ್ಶನ ನಡೆಸುವ ಶಾಲೆಗಳು ಮೊದಲೇ ಮಾಡಿಸಿರುತ್ತವೆ.

ಈ ಅಂತರ ತಗ್ಗಿಸಲು ಬಳಕೆಗೆ ಬಂದದ್ದು ಹಿನ್ನೆಲೆ ಮಾಹಿತಿ. ಆಕ್ಸ್‌ಫರ್ಡ್ ಅಭ್ಯರ್ಥಿಯ ಜಿಸಿಎಸ್‌ಇ (ಸುಮಾರು ಹದಿನಾರರ ವಯಸ್ಸಿನ ಶಾಲಾ ಪರೀಕ್ಷೆ) ಅಂಕವನ್ನು ಅದೇ ಶಾಲೆಯ ಇತರರ ಸಾಧನೆಯ ಜೊತೆಗಿಟ್ಟು ನೋಡುತ್ತದೆ. ಎಲ್ಲರೂ ಉನ್ನತ ಶ್ರೇಣಿ ಪಡೆಯುವ ಶಾಲೆಯಲ್ಲಿ ಬಂದ ಅಂಕಕ್ಕೂ, ಹೆಚ್ಚಿನವರು ಹಿಂದುಳಿದಲ್ಲಿ ಒಬ್ಬಳೇ ಗಳಿಸಿದ ಅದೇ ಅಂಕಕ್ಕೂ ತೂಕ ಬೇರೆ.

ವಾದ–ಪ್ರತಿವಾದ

ಶಿಕ್ಷಣದಲ್ಲಿ ಸಮಾನ ಅವಕಾಶಕ್ಕಾಗಿ ದುಡಿಯುವ ಸಟನ್ ಟ್ರಸ್ಟ್‌ನ 2018ರ ವರದಿಯ ಪ್ರಕಾರ, ಮೂರು ವರ್ಷಗಳಲ್ಲಿ ಎಂಟು ಶಾಲಾ–ಕಾಲೇಜುಗಳಿಂದ ಈ ವಿಶ್ವವಿದ್ಯಾಲಯಗಳಿಗೆ ಹೋದವರ ಸಂಖ್ಯೆ, ಬೇರೆ 2,800ಕ್ಕೂ ಹೆಚ್ಚು ಶಾಲೆಗಳಿಂದ ಹೋದವರ ಒಟ್ಟು ಸಂಖ್ಯೆಗಿಂತ ಹೆಚ್ಚು. ಆ ಎಂಟರಲ್ಲಿ ಆರು ಖಾಸಗಿ. ಸಮಾನ ಎ-ಲೆವೆಲ್ ಅಂಕವಿದ್ದಾಗ ಸರ್ಕಾರಿ ಶಾಲೆಯವರು ಪದವಿಯಲ್ಲಿ ಮೇಲಿರುತ್ತಾರೆಂದು ಇಂಗ್ಲೆಂಡಿನ ಉನ್ನತ ಶಿಕ್ಷಣ ಅನುದಾನ ಮಂಡಳಿಯ 2014ರ ಅಧ್ಯಯನ ಕಂಡುಕೊಂಡಿತು. ಹಿನ್ನೆಲೆ ನೋಡುವುದು ಔದಾರ್ಯವಲ್ಲ, ಸಾಮರ್ಥ್ಯವನ್ನು ಸರಿಯಾಗಿ ಅಳೆಯುವ ಬಗೆ ಎಂಬುದಕ್ಕೆ ಇದು ಬಲವಾದ ಆಧಾರ.

ಖಾಸಗಿ ಶಾಲೆಗಳ ಆಕ್ಷೇಪದಲ್ಲೂ ಹುರುಳಿದೆ. ಪೂರ್ಣ ವಿದ್ಯಾರ್ಥಿವೇತನದಲ್ಲಿ ಓದುವ ಬಡ ಕುಟುಂಬದ ಮಗು ಲೆಕ್ಕದಲ್ಲಿ ‘ಖಾಸಗಿ’ ಆಗುತ್ತದೆ. ಹನ್ನೊಂದರ ವಯಸ್ಸಿಗೇ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ, ಇಂಗ್ಲೆಂಡಿನಲ್ಲಿ 160ಕ್ಕೂ ಹೆಚ್ಚಿರುವ ಗ್ರಾಮರ್ ಶಾಲೆಗಳ ಅನುಕೂಲಸ್ಥ ಮಕ್ಕಳು ‘ಸರ್ಕಾರಿ’ ಆಗುತ್ತಾರೆ. ಸರ್ಕಾರಿ ಶಾಲೆಗಳಿಂದ ಶೇ. 69.1 ಮಂದಿ ಎಂಬ ಗುರಿ ಹೊಂದಿದ್ದ ಕೇಂಬ್ರಿಜ್, 2024ರಲ್ಲಿ ಸಿದ್ಧಪಡಿಸಿದ ಹೊಸ ಯೋಜನೆಯಲ್ಲಿ ಅಂಥ ಗುರಿಯನ್ನು ಕೈಬಿಟ್ಟಿತು.

ಮೌಲ್ಯಮಾಪನ

ಶಾಲೆಯ ಹಣೆಪಟ್ಟಿ ನ್ಯಾಯದ ಒರಟು ಅಳತೆ. ಖಾಸಗಿ ಶಾಲೆಯ ಹಳೆಯ ಪಾಲು ಕುಗ್ಗಿದೆ ಎಂಬುದೊಂದೇ ಅನ್ಯಾಯದ ಸಾಕ್ಷಿಯಾಗದು. ಆ ಪಾಲಿನಲ್ಲಿ ಪ್ರತಿಭೆಯಷ್ಟೇ ಹಣವೂ ಸೇರಿತ್ತು. ಹಾಗೆಯೇ ಹೆತ್ತವರು ಆರಿಸಿದ ಶಾಲೆಗಾಗಿ ಹದಿನೇಳರ ಹುಡುಗನಿಗೆ ದಂಡ ಹಾಕುವುದೂ ತರವಲ್ಲ. ಪ್ರತಿ ಅಭ್ಯರ್ಥಿಯೂ ಯಾವ ಅನುಕೂಲದಿಂದ ಹೊರಟು ಎಲ್ಲಿಗೆ ತಲುಪಿದ್ದಾನೆಂದು ಒಬ್ಬೊಬ್ಬರನ್ನೇ ಕೂಲಂಕಷವಾಗಿ ನೋಡುವ ಕ್ರಮ ಮಾತ್ರ ಎರಡೂ ಬಗೆಯ ಶಾಲೆಗಳ ಮಕ್ಕಳಿಗೆ ನ್ಯಾಯ ಒದಗಿಸಬಲ್ಲದು.