‘ಮೇಡ್ ಇನ್ ಇಂಡಿಯಾ’: ಒಂದು ಧ್ವನಿಸುರುಳಿಯ ಮೂಲವಿಚಾರ

ಸರಕಿನ ಮೇಲಿನ ಹೆಸರು ಅದರ ಹುಟ್ಟನ್ನು ಎಷ್ಟರಮಟ್ಟಿಗೆ ತಿಳಿಸುತ್ತದೆ ಎಂಬ ಪ್ರಶ್ನೆ ವಾಣಿಜ್ಯದ ಇತಿಹಾಸವನ್ನು ಓದುವವರಿಗೆ ಹೊಸತಲ್ಲ. ಆಂಗ್ಲ ವರ್ತಕರು ೧೬೩೮ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆದರು. ೧೬೬೦ರ ಸುಮಾರಿಗೆ ಪಶ್ಚಿಮ ಭಾರತದ ಅತ್ಯುತ್ತಮ ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗನ್ನೇರುತ್ತಿತ್ತೆಂದು ಬೊಂಬಾಯಿ ಪ್ರಾಂತದ ಗ್ಯಾಸೆಟಿಯರು ಹೇಳುತ್ತದೆ. ಆದರೆ ಅದನ್ನು ನೇಯ್ದವರು ಘಟ್ಟದ ಮೇಲೆ, ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿದ್ದರು. ಅವರ ಸಂಖ್ಯೆ ೫೦,೦೦೦ದಷ್ಟಿದ್ದಿತೆಂದು ಅದೇ ಗ್ರಂಥದ ಹೇಳಿಕೆ. ಸೋದೆಯ ಅರಸರು ಮುಂದೆ ಕಾಳಿ ನದಿಯ ಮುಖದಲ್ಲಿ ಕಟ್ಟಿಸಿದ ಸದಾಶಿವಗಡದ ಕೋಟೆಯಿಂದ ನೋಡಿದರೂ ಕಾಣುವುದು ಬಂದರೇ ಹೊರತು ಮಗ್ಗವಲ್ಲ. ಈ ವಿವೇಚನೆಯನ್ನು ನಮ್ಮ ಕಾಲಕ್ಕೆ ಸಮೀಪದ ಒಂದು ಸರಕಿಗೆ, ಎಂದರೆ ೧೯೯೦ರ ದಶಕದ ಒಂದು ಧ್ವನಿಸುರುಳಿಗೆ, ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೧೯೯೫ರಲ್ಲಿ ಮ್ಯಾಗ್ನಾಸೌಂಡ್ ಸಂಸ್ಥೆಯು ಗಾಯಕಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಎಂಬ ಗೀತಸಂಗ್ರಹವನ್ನು ಹೊರತಂದಿತು. ಚಲಚ್ಚಿತ್ರದ ಆಶ್ರಯವಿಲ್ಲದೆ, ಕುಣಿತದ ಲಯದ ಹಿಂದಿ ಹಾಡುಗಳು ದೇಶದಾದ್ಯಂತ ಜನಪ್ರಿಯವಾದುದಕ್ಕೆ ಇದು ಮುಖ್ಯ ನಿದರ್ಶನ. ೧೯೯೧ರ ಆರ್ಥಿಕ ನೀತಿಯಿಂದ ವಿದೇಶೀ ಬಂಡವಾಳಕ್ಕೆ ಬಾಗಿಲು ತೆರೆದಿದ್ದಿತು. ಉಪಗ್ರಹದ ಮೂಲಕ ಬರುವ ವಾಹಿನಿಗಳು ಮನೆಗಳನ್ನು ಹೊಕ್ಕಿದ್ದವು. ಶೀರ್ಷಿಕೆಯ ಹಾಡಿನ ನಾಯಕಿಯಾದರೋ ಲೋಕವನ್ನೆಲ್ಲ ಕಂಡರೂ ಭಾರತದ ಹೃದಯವನ್ನೇ ಬಯಸುತ್ತಾಳೆ. ಹೊರಗಿನ ಸರಕು ಒಳಬರುತ್ತಿದ್ದಾಗಲೇ ಸ್ವದೇಶದ ಮುದ್ರೆಗೆ ಬೆಲೆ ಬಂದುದು, ಆ ಮುದ್ರೆಯೂ ಇಂಗ್ಲಿಷಿನಲ್ಲಿಯೇ ಇದ್ದುದು, ಗಮನಾರ್ಹ.

ಈ ಹಾಡುಗಳ ಮಗ್ಗವೆಲ್ಲಿ? ಇವುಗಳಿಗೆ ರಾಗ ಸಂಯೋಜಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯನವರು. ಅವರು ತಾರುಣ್ಯದಲ್ಲಿ ಅದೇ ನಗರದ ‘ಟ್ರೋಜನ್ಸ್’ ಎಂಬ ವಾದ್ಯವೃಂದದಲ್ಲಿ ಹಾಡಿ, ೧೯೬೦ರ ದಶಕದಲ್ಲಿ ಇಂಗ್ಲೆಂಡನ್ನು ಸೇರಿದರು. ಜಮೈಕದಲ್ಲಿ ಜನಿಸಿದ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಅವರ ನಿರ್ಮಾಣ. ಅದು ೧೯೭೪ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲಿಯೂ ಪ್ರಥಮಸ್ಥಾನವನ್ನು ಪಡೆಯಿತು. ೧೯೮೦ರಲ್ಲಿ ‘ಕುರ್ಬಾನಿ’ ಚಿತ್ರಕ್ಕಾಗಿ, ೧೯೮೧ರಲ್ಲಿ ‘ಡಿಸ್ಕೊ ದೀವಾನೆ’ ಸಂಗ್ರಹಕ್ಕಾಗಿ, ಅವರು ಕರಾಚಿಯ ನಾಜಿಯಾ ಹಸನ್ ಅವರಿಂದ ಹಾಡಿಸಿದರು. ಹೀಗೆ ಬೆಂಗಳೂರು, ಲಂಡನ್, ಕರಾಚಿ, ಮುಂಬಯಿಗಳನ್ನು ಹಾದುಬಂದ ಕೈಗಾರಿಕೆಯೇ ೧೯೯೫ರ ಸುರುಳಿಯ ಹಿಂದಿನ ನೇಯ್ಗೆ.

ಇನ್ನೊಂದು ಸಂಗತಿಯುಂಟು. ಈ ಹಾಡನ್ನು ಮೊದಲು ನಾಜಿಯಾ ಅವರಿಗೆಂದು ಉದ್ದೇಶಿಸಲಾಗಿತ್ತೆಂದೂ, ತಮ್ಮ ದೇಶದವರ ಮನಸ್ಸು ನೋಯಬಹುದೆಂದು ಅವರು ಒಪ್ಪಲಿಲ್ಲವೆಂದೂ ಹೇಳಲಾಗಿದೆ. ಅದು ನಿಜವಾದರೆ, ರಾಗಕ್ಕೆ ಅಡ್ಡಿಯಾಗದ ಗಡಿಯು ಹೆಸರಿಗೆ ಅಡ್ಡಿಯಾಯಿತು. ಒಟ್ಟಿಗೆ ದುಡಿದವರಲ್ಲಿ ಒಬ್ಬರು ಹೊರಗುಳಿದರು. ಮುದ್ರೆಯು ಇದನ್ನು ತಿಳಿಸದು.

ಇದರಿಂದ ಮುದ್ರೆಯು ಸುಳ್ಳೆಂದು ನಾವು ಸಾಧಿಸುತ್ತಿಲ್ಲ. ಅದು ಸಾಕ್ಷ್ಯವಲ್ಲ, ಒಂದು ಹಕ್ಕುಸಾಧನೆ ಎಂಬುದಷ್ಟೇ ನಮ್ಮ ಅಭಿಪ್ರಾಯ. ಹಕ್ಕನ್ನು ಯಾರು, ಯಾವಾಗ, ಯಾರನ್ನು ಉದ್ದೇಶಿಸಿ ಹೂಡಿದರೆಂದು ಕೇಳುವುದು ಚರಿತ್ರಕಾರನ ಕೆಲಸ. ತಾಮ್ರಪಟದ ಪೀಠಿಕೆಯನ್ನು ನಾವು ಓದುವ ಕ್ರಮವೂ ಇದೇ ಅಲ್ಲವೆ? ಆದರೆ ತಾಮ್ರಪಟವು ನೆಲದಲ್ಲಿ ಸಾವಿರ ವರ್ಷ ಬಾಳುತ್ತದೆ. ಕಾಂತೀಯ ಸುರುಳಿಯು ಕರಾವಳಿಯ ತೇವದಲ್ಲಿ ಕೆಲವೇ ದಶಕಗಳಲ್ಲಿ ಬೂಷ್ಟು ಹಿಡಿಯುತ್ತದೆ. ಹೊದಿಕೆಯ ಕಾಗದದೊಡನೆ ಇವುಗಳನ್ನು ಸಂಗ್ರಹಿಸುವ ಕಾರ್ಯವನ್ನು ನಮ್ಮ ಕಾಲೇಜುಗಳ ಇತಿಹಾಸ ಸಂಘಗಳು ಈಗಲೇ ಕೈಗೊಳ್ಳುವುದು ಅವಶ್ಯ.